ಪಾಟಾ ಮುರಿದಾಗ ತೆರುವವರು ಯಾರು?

ನವಿ ಮುಂಬೈಯ ಕಳಂಬೋಲಿಯಲ್ಲಿ ಲಾರಿಗೆ ಸ್ಪ್ರಿಂಗ್ ಪಾಟಾ ಕೇಳಿದರೆ ಅಂಗಡಿಯವನ ಮೊದಲ ಪ್ರಶ್ನೆ ಗಾಡಿ ಯಾವುದು ಅಂತ. ಎರಡನೆಯದು, 'ಕಂಪನಿದು ಬೇಕಾ, ಲೋಕಲ್ ಬೇಕಾ?' ದೆಹಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರದಲ್ಲೂ ಇದೇ ಮಾತು, ಭಾಷೆ ಬೇರೆ ಅಷ್ಟೆ. ಈ ಎರಡನೆಯ ಪ್ರಶ್ನೆಯೇ ಅರ್ಧ ತಪ್ಪು.

ಯಾಕೆಂದರೆ ಟಾಟಾ, ಅಶೋಕ್ ಲೇಲ್ಯಾಂಡ್‌ನಂಥ ಕಂಪನಿಗಳಿಗೆ ಪಾಟಾ ಬರುವುದು ಜಮ್ನಾ ಆಟೋದಂಥ ಸ್ಪ್ರಿಂಗ್ ತಯಾರಕರಿಂದ. ಅದೇ ತಯಾರಕರು ಸ್ವಂತ ಹೆಸರಿನಲ್ಲಿ ಅಂಗಡಿಗೂ ಮಾರುತ್ತಾರೆ. ಇನ್ನು 'ಲೋಕಲ್' ಎನ್ನುವ ಒಂದೇ ಪದದ ಕೆಳಗೆ, ಸರಿಯಾದ ಕುಲುಮೆ ಇಟ್ಟುಕೊಂಡ ಸಣ್ಣ ಕಾರ್ಖಾನೆಯೂ ಬರುತ್ತದೆ, ಯಾವುದೋ ಪಟ್ಟಿಯನ್ನು ಕಾಯಿಸಿ ಬಗ್ಗಿಸಿ ಕಪ್ಪು ಬಣ್ಣ ಬಳಿಯುವ ಶೆಡ್ಡೂ ಬರುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಲೋಕಲ್ ಕೆಟ್ಟದ್ದು ಅನ್ನುವುದು ಅನ್ಯಾಯ. ಬೆಲೆ ಕಡಿಮೆ, ಆದ್ದರಿಂದ ಸಾಕು ಅನ್ನುವುದು ಇನ್ನೂ ದೊಡ್ಡ ತಪ್ಪು.

ಅಂಗಡಿಯಲ್ಲಿ ಪಾಟಾ ಪರೀಕ್ಷಿಸುವ ಪದ್ಧತಿ ನೋಡಬೇಕು. ಎತ್ತಿ ಭಾರ ನೋಡುತ್ತಾರೆ, ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತಾರೆ. ದೊಡ್ಡ ಬಿರುಕಿದ್ದರೆ ಸದ್ದು ಹೇಳೀತು. ಉಕ್ಕಿನ ಹದವನ್ನು ಅದು ಹೇಳುವುದಿಲ್ಲ. ಪಾಟಾದ ಜೀವವಿರುವುದು ಹದದಲ್ಲೇ. ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಕಾಯಿಸಬೇಕು. ಈ ಕೊನೆಯ ಹಂತದಲ್ಲಿ ಆತುರಪಟ್ಟರೆ ಪಾಟಾ ಗಡುಸಾಗಿ ಗಾಜಿನಂತೆ ಒಡೆಯುತ್ತದೆ, ಅತಿಯಾದರೆ ಮೆತ್ತಗಾಗಿ ಕುಸಿಯುತ್ತದೆ. 'ಗಟ್ಟಿ ಇದೆ ಸಾರ್' ಎಂಬ ಹೊಗಳಿಕೆಗೆ ಅರ್ಥವಿಲ್ಲದಿರುವುದು ಇದಕ್ಕೇ.

ಉಕ್ಕಿನ ಜಾತಿಯೂ ಮುಖ್ಯ. ಹಳೆಯ ತೆಳು ಪಾಟಾಗಳಿಗೆ ಸಿಲಿಕಾನ್-ಮ್ಯಾಂಗನೀಸ್ ಉಕ್ಕು ಸಾಕಿತ್ತು. ದಪ್ಪ ಪಾಟಾದಲ್ಲಿ ಆ ಉಕ್ಕಿನ ಒಡಲು ಪೂರ್ತಿ ಗಡುಸಾಗುವುದಿಲ್ಲ, ಅದಕ್ಕೆ ಕ್ರೋಮಿಯಂ ಬೆರೆತದ್ದು ಬೇಕು. ಈಗ ಹೆಚ್ಚುತ್ತಿರುವ ಪ್ಯಾರಾಬೋಲಿಕ್ ಪಾಟಾಗಳು ಎಣಿಕೆಯಲ್ಲಿ ಕಡಿಮೆ, ನಡುವೆ ದಪ್ಪ, ತುದಿಗೆ ತೆಳು. ಅವನ್ನು ಅಳತೆ ನೋಡಿ ನಕಲು ಮಾಡಲು ರಸ್ತೆಬದಿಯ ಕಮ್ಮಾರನಿಂದಾಗದು. ಒಳ್ಳೆಯ ಕಾರ್ಖಾನೆಯಲ್ಲಿ ಇನ್ನೊಂದು ಕೆಲಸ ಆಗುತ್ತದೆ: ಸಣ್ಣ ಉಕ್ಕಿನ ಗುಂಡುಗಳನ್ನು ಪಾಟಾದ ಮೈಮೇಲೆ ರಭಸದಿಂದ ಹೊಡೆಯುವ ಶಾಟ್ ಪೀನಿಂಗ್. ಬಿರುಕು ಹುಟ್ಟುವುದು ಮೇಲ್ಮೈಯಲ್ಲಿ. ಈ ಹೊಡೆತ ಆ ಮೇಲ್ಮೈಯನ್ನು ಬಿಗಿಯಾಗಿ ಒತ್ತಿಡುತ್ತದೆ. ಖರ್ಚು ಉಳಿಸಬೇಕೆಂದವನು ಮೊದಲು ಬಿಡುವುದು ಇದನ್ನೇ. ಬಣ್ಣ ಬಳಿದ ಮೇಲೆ ಯಾರಿಗೂ ಕಾಣುವುದಿಲ್ಲ.

ರಬ್ಬರ್ ಬುಷ್‌ಗಳಲ್ಲಂತೂ ಮೋಸ ಇನ್ನೂ ಸುಲಭ. ಹೊಸದಿದ್ದಾಗ ಎಲ್ಲವೂ ಕಪ್ಪು, ಎಲ್ಲವೂ ಗುಂಡು.

ಅಂಗಡಿಯೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಒಳ್ಳೆಯ ಪಾಟಾ ತಂದು ಹಳೆಯ ಯು-ಬೋಲ್ಟನ್ನೇ ಬಿಗಿದರೆ, ಸ್ವಲ್ಪ ದೂರ ಓಡಿದ ಮೇಲೆ ಮತ್ತೊಮ್ಮೆ ಬಿಗಿಯದೆ ಬಿಟ್ಟರೆ, ಅದು ಸಡಿಲಾಗಿ ನಡುವಿನ ತೂತಿನಲ್ಲೇ ಪಾಟಾ ಸೀಳುತ್ತದೆ. ಬೈಗುಳ ಮಾತ್ರ ತಯಾರಕನಿಗೆ. 2018ರಲ್ಲಿ ಸರಕಾರ ಆಕ್ಸಲ್ ಭಾರದ ಮಿತಿ ಏರಿಸಿತು, ಮೂರು ಆಕ್ಸಲ್ ಲಾರಿಯ ಒಟ್ಟು ತೂಕ 25 ಟನ್‌ನಿಂದ 28.5 ಟನ್ ಆಯಿತು. ಮಿತಿ ಎಷ್ಟು ಏರಿದರೂ ಅದರ ಮೇಲೊಂದಿಷ್ಟು ಹೇರುವ, ಅದಕ್ಕಾಗಿ ಒಂದು ಪಾಟಾ ಹೆಚ್ಚು ಕೂಡಿಸುವ ಮಾಲೀಕರು ಇದ್ದೇ ಇದ್ದಾರೆ. ಆಗ ಪಾಟಾ ಉಳಿದರೂ ಪೆಟ್ಟು ಚಾಸಿಗೆ ಬೀಳುತ್ತದೆ.

ಹೋಲಿಕೆ ನಡೆಯಬೇಕಾದದ್ದು ಓಡಿದ ಕಿಲೋಮೀಟರಿನ ಮೇಲೆ. ಲೆಕ್ಕಕ್ಕೆಂದು ಹಿಡಿಯೋಣ: 4,000 ರೂಪಾಯಿಯ ಪಾಟಾ ಒಂದು ಲಕ್ಷ ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ 4 ಪೈಸೆ. 2,500ರದ್ದು 40,000ಕ್ಕೆ ಮುರಿದರೆ 6 ಪೈಸೆಯ ಮೇಲೆ. ಇದರಲ್ಲಿ ಲಾರಿ ನಿಂತ ದಿನದ ನಷ್ಟ ಸೇರಿಲ್ಲ. ಆದರೆ ಈ ಲೆಕ್ಕ ಇಡಲು ಪಾಟಾ ಹಾಕಿದ ದಿನ, ಮೀಟರ್ ಓದು, ಬಿಲ್ಲು, ಬ್ಯಾಚ್ ನಂಬರ್ ಇರಬೇಕು. ಬಿಲ್ಲು ಬೇಡ, ತೆರಿಗೆ ಉಳಿಯುತ್ತದೆ ಎನ್ನುವ ವ್ಯಾಪಾರದಲ್ಲಿ ಗ್ಯಾರಂಟಿ ಕೇಳುವ ಬಾಯಿಯೂ ಕಟ್ಟಿಹೋಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ. ಆ ನೆಪ ಈಗ ಮೊದಲಿನಷ್ಟು ದೊಡ್ಡದಲ್ಲ.

ಆಟೋಮೊಬೈಲ್ ಪಾಟಾಗಳಿಗೆ ಐಎಸ್ 1135 ಎಂಬ ಭಾರತೀಯ ಮಾನಕ ಇದೆ. ಅದರ ಹೆಸರು ಹೇಳಿ ಪಾಟಾ ಕೇಳುವ ಗಿರಾಕಿ ಅಪರೂಪ. ಮಾಲೀಕರ ಸಂಘಗಳು ಟೋಲಿಗೆ, ಡೀಸೆಲ್ಲಿಗೆ ಮುಷ್ಕರ ಹೂಡುತ್ತವೆ. ಪ್ರತಿ ಪಾಟಾದ ಮೇಲೂ ಉಕ್ಕಿನ ದರ್ಜೆ, ತಯಾರಿಕೆಯ ತಿಂಗಳು ಒತ್ತಿರಲೇಬೇಕು, ಇಲ್ಲದ ಮಾಲು ಕೊಳ್ಳುವುದಿಲ್ಲ ಎಂದು ಒಂದು ಸಂಘ ಪಟ್ಟು ಹಿಡಿದರೂ ಕಳಂಬೋಲಿಯ ಅಂಗಡಿಗಳು ದಾರಿಗೆ ಬರುತ್ತವೆ.

ಸದ್ಯಕ್ಕೆ ಪಾಟಾ ಆರಿಸುವವನು ಮಾಲೀಕ, ಅದರ ಮೇಲೆ ಕೂರುವವನು ಡ್ರೈವರ್. ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ವಾಶಿಗೆ ಹೊರಟ ಲಾರಿಯ ಮುಂದಿನ ಮೇನ್ ಪಾಟಾ ಖಂಬಾಟಕಿ ಘಾಟಿನ ಇಳಿಜಾರಿನಲ್ಲಿ ಮುರಿದರೆ, ಆಕ್ಸಲ್ ಜರುಗಿ ಸ್ಟೇರಿಂಗ್ ಒಂದು ಕಡೆ ಎಳೆಯುತ್ತದೆ. ಅವನ ಅದೃಷ್ಟ ಚೆನ್ನಾಗಿದ್ದರೆ ಗಾಡಿ ಬದಿಗೆ ನಿಲ್ಲುತ್ತದೆ. ಮಿಸ್ತ್ರಿ ಬರುವವರೆಗೆ ಕಾಯುವ ಆ ರಾತ್ರಿಯ ಭತ್ಯೆ ಯಾರ ಲೆಕ್ಕಕ್ಕೆ ಎಂಬ ಜಗಳ ಮರುದಿನ ಫೋನಿನಲ್ಲಿ ಶುರುವಾಗುತ್ತದೆ.