ಸ್ಪ್ರಿಂಗ್ ವಾಷರನ್ನೇ ನಂಬಿ ಕೂರಬಾರದು



ಮಳೆಗಾಲದ ನಡುವೆ ಒಂದು ದಿನ ಹೊಳವಾದರೆ ಅಡಿಕೆಗೆ ಎರಡನೇ ಔಷಧಿ ಹೊಡೆಯುವ ಅವಸರ. ಕಳೆದ ಸಲ ನಮ್ಮ ತೋಟದಲ್ಲಿ ಕೊನೆಗಾರರು ಮರ ಏರಿದ್ದರು, ಬೋರ್ಡೋ ದ್ರಾವಣ ಸಿದ್ಧವಾಗಿತ್ತು. ಅಷ್ಟರಲ್ಲಿ ಪವರ್ ಸ್ಪ್ರೇಯರಿನ ಎಂಜಿನ್ ಕೂರಿಸಿದ ಬೋಲ್ಟುಗಳು ಸಡಿಲಗೊಂಡು ಬೆಲ್ಟು ಜಾರಿತು. ರಿಪೇರಿ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಕಲಸಿದ ದ್ರಾವಣ ದಂಡವಾಯಿತು. ಕೊಳೆ ರೋಗ ನಮ್ಮ ರಿಪೇರಿಗೆ ಕಾಯುವುದಿಲ್ಲ. ಬಿಚ್ಚಿ ನೋಡಿದರೆ ಪ್ರತಿ ಬೋಲ್ಟಿಗೂ ಸ್ಪ್ರಿಂಗ್ ವಾಷರ್ ಇದ್ದೇ ಇತ್ತು!

ಸ್ಪ್ರಿಂಗ್ ವಾಷರ್ ಹಾಕಿದರೆ ನಟ್ಟು ಬಿಚ್ಚದೆಂಬುದು ನಮ್ಮೆಲ್ಲರ ನಂಬಿಕೆ. ಅದನ್ನು ಕೈಬಿಡುವ ಕಾಲ ಬಂದಿದೆಯೆಂಬುದು ನಮ್ಮ ಅಭಿಪ್ರಾಯ. ಬೋಲ್ಟು ಬಿಗಿದಿಟ್ಟ ಭಾಗಗಳು ಅಡ್ಡಡ್ಡ ಜಾರಾಡುವುದೇ ನಟ್ಟು ಬಿಚ್ಚಲು ಮುಖ್ಯ ಕಾರಣವೆಂದು ಜರ್ಮನಿಯ ಎಂಜಿನಿಯರ್ ಯುಂಕರ್ 1969ರಲ್ಲೇ ತೋರಿಸಿಕೊಟ್ಟರು. ಬೆಲ್ಟಿನ ಎಳೆತವೂ ಎಂಜಿನ್ನಿನ ನಡುಕವೂ ಮಾಡುವುದು ಇದನ್ನೇ. ಪೂರ್ತಿ ಬಿಗಿದಾಗ ಸ್ಪ್ರಿಂಗ್ ವಾಷರ್ ಚಪ್ಪಟೆಯಾಗಿ ಸಾದಾ ವಾಷರಿನಂತೆಯೇ ಆಗುತ್ತದೆಂದು ಅಮೆರಿಕದ ನಾಸಾ ಸಂಸ್ಥೆ 1990ರ ಕೈಪಿಡಿಯಲ್ಲಿ ಹೇಳಿದೆ.

ಹಾಗಾದರೆ ಏನು ಹಾಕಬೇಕು? ಪಂಪು, ಪಲ್ಪರ್ ಮುಂತಾದವುಗಳ ಸಾಮಾನ್ಯ ಬೋಲ್ಟುಗಳಿಗೆ ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟು ಉತ್ತಮ. ಆದರೆ ಅದು ಕೈಯಲ್ಲೇ ಸಲೀಸಾಗಿ ತಿರುಗತೊಡಗಿದರೆ ಬದಲಿಸಲೇಬೇಕು. ಸೈಲೆನ್ಸರಿನಂತಹ ಬಿಸಿ ಜಾಗದಲ್ಲಿ ನೈಲಾನ್ ಮೆತ್ತಗಾಗುವುದರಿಂದ ಅಲ್ಲಿ ಅದು ಸಲ್ಲದು. ಅಂತಹ ಕಡೆಗೂ ಬಹಳ ನಡುಗುವ ಕಡೆಗೂ ಜೋಡಿಯಾಗಿ ಬರುವ ವೆಜ್ ಲಾಕ್ ವಾಷರ್ ತಕ್ಕದ್ದು. ಅದರ ಏರುಹಲ್ಲುಗಳು ಒಳಮುಖವಾಗಿ ಒಂದಕ್ಕೊಂದು ಕೂರಬೇಕು. ಹೊರಮೈಯ ಸಣ್ಣ ಹಲ್ಲುಗಳು ನಟ್ಟನ್ನೂ ಯಂತ್ರವನ್ನೂ ಕಚ್ಚಬೇಕು. ಅಡಿಯಲ್ಲಿ ಸಾದಾ ವಾಷರ್ ಇಟ್ಟರೆ ಆ ವಾಷರೇ ತಿರುಗಿ ಹಿಡಿತ ತಪ್ಪೀತು.

ಕಳೆ ಕೊಚ್ಚುವ ಯಂತ್ರದ ಬ್ಲೇಡಿನ ನಟ್ಟಿನ ವಿಷಯದಲ್ಲಿ ಉದಾಸೀನ ಕೂಡದು. ಅದು ಕಳಚಿದರೆ ಹೋಗುವುದು ದ್ರಾವಣವಲ್ಲ, ಆಳಿನ ಕಾಲು. ಅಲ್ಲಿಗೆ ಯಂತ್ರದ ಜೊತೆ ಬಂದ ಬಗೆಯ ನಟ್ಟನ್ನೇ ಹಾಕಬೇಕು; ಹಿಡಿತ ಸವೆದೊಡನೆ ಹೊಸದು ತರಬೇಕು.

ಯಾವ ವಾಷರೂ ಸ್ಪ್ಯಾನರಿನ ಕೆಲಸ ಮಾಡದು. ಸರಿಯಾಗಿ ಬಿಗಿಯದ ಬೋಲ್ಟನ್ನು ಯಾವುದೂ ಉಳಿಸದು. ಹೊಸದಾಗಿ ಕೂರಿಸಿದ ಯಂತ್ರವನ್ನು ಒಂದು ದಿನ ಓಡಿಸಿ, ನಿಲ್ಲಿಸಿ, ಪ್ರತಿ ನಟ್ಟನ್ನೂ ಮತ್ತೊಮ್ಮೆ ಬಿಗಿದು ನೋಡುವುದು ಅಗತ್ಯ.

ಈ ಸಾಮಾನುಗಳು ಹಳ್ಳಿಯ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಸಂಘದ ಮಳಿಗೆಯಲ್ಲಿ ಗೊಬ್ಬರ, ಮೈಲುತುತ್ತದ ಜೊತೆಗೆ ಇವೂ ದೊರೆಯಬೇಕೆಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಪ್ರಸ್ತಾಪಿಸಲಿದ್ದೇವೆ. ತಮಗೆ ಬೇಕಾದ ಅಳತೆಗಳನ್ನು ಸದಸ್ಯರು ಮುಂಗಾರಿಗೆ ಮೊದಲೇ ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ