ಹೆಬ್ಬೆರಳಿನ ನೋವಿಗೆ ತೊಗರಿಬೇಳೆ ಮೇಲೆ ಕೇಸು ಬೇಡ

ಆಫೀಸಿನ ವಾರ್ಷಿಕ ಹೆಲ್ತ್ ಚೆಕಪ್ ರಿಪೋರ್ಟ್ ಬಂತೆಂದರೆ ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪ್ರಶ್ನೆ ಗ್ಯಾರಂಟಿ: 'ಯೂರಿಕ್ ಆಸಿಡ್ 7.4 ಅಂತ ಕೆಂಪಕ್ಷರದಲ್ಲಿದೆ, ಏನ್ ಮಾಡ್ಲಿ?' ಉತ್ತರಗಳೂ ರೆಡಿ. ಬೇಳೆ ಬಿಡು, ಪಾಲಕ್ ಬಿಡು, ನಿಂಬೆರಸ ಕುಡಿ. ಎರಡು ವರ್ಷದಿಂದ ಗೌಟ್ ಇರುವ ನನ್ನನ್ನು ಗೆಳೆಯರು ಅರ್ಧ ಡಾಕ್ಟರ್ ಅಂದ್ಕೊಂಡಿದ್ದಾರೆ. ನಾನು ಡಾಕ್ಟರಲ್ಲ. ಆದರೆ ನನ್ನ ಡಾಕ್ಟರನ್ನು ಕೇಳಿ ಕೇಳಿ ತಿಳ್ಕೊಂಡಿದ್ದು ಸ್ವಲ್ಪ ಇದೆ.

ಮೊದಲನೆಯದಾಗಿ, ಕೆಂಪಕ್ಷರ ಅಂದ್ರೆ ಗೌಟ್ ಅಲ್ಲ. ಯೂರಿಕ್ ಆಸಿಡ್ ಜಾಸ್ತಿ ಇರುವ ಬಹಳ ಜನರಿಗೆ ಗೌಟ್ ಬರುವುದೇ ಇಲ್ಲ. ನೋವು, ಕಿಡ್ನಿ ಕಲ್ಲು ಯಾವುದೂ ಇಲ್ಲದಿದ್ದರೆ ಸಾಮಾನ್ಯವಾಗಿ ಮಾತ್ರೆಯೂ ಬೇಕಿಲ್ಲ. ತೂಕ, ಬಿಪಿ, ಶುಗರ್, ಕಿಡ್ನಿ ಕಡೆ ಗಮನ ಕೊಟ್ಟರೆ ಸಾಕು.

ಗೌಟ್ ಬಂದರೆ ಮಾತ್ರ ನಿಮಗೇ ಗೊತ್ತಾಗುತ್ತೆ. ರಕ್ತದಲ್ಲಿ ಯೂರಿಕ್ ಆಸಿಡ್ ಸುಮಾರು 6.8 ದಾಟಿದರೆ ಪೂರ್ತಿ ಕರಗಿರಲಾರದೆ, ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂರಬಹುದು. ಸಾಮಾನ್ಯವಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ, ಅದೂ ರಾತ್ರೋರಾತ್ರಿ. ಊತ, ಕೆಂಪು, ಬಿಸಿ. ಹೊದಿಕೆ ತಾಗಿದ್ರೂ ಜೀವ ಹೋದ ಹಾಗೆ. ಮೊದಲ ಸಲ ಹೀಗಾದರೆ, ಅದರಲ್ಲೂ ಜ್ವರ ಇದ್ದರೆ, ಅವತ್ತೇ ಡಾಕ್ಟರನ್ನು ನೋಡಿ. ಕೀಲಿಗೆ ಸೋಂಕು ತಗುಲಿದರೂ ಹೀಗೇ ಕಾಣುತ್ತೆ. ಇನ್ನೊಂದು ವಿಷಯ: ನೋವಿನ ದಿನ ರಕ್ತಪರೀಕ್ಷೆ ನಾರ್ಮಲ್ ಬರಬಹುದು. ಎರಡು ವಾರ ಬಿಟ್ಟು ಮತ್ತೆ ಮಾಡಿಸಬೇಕು.

ಈಗ ಬೇಳೆ ವಿಷಯಕ್ಕೆ ಬರೋಣ. ಪ್ಯೂರಿನ್ ಎಂಬ ಪದಾರ್ಥ ಒಡೆದಾಗ ಯೂರಿಕ್ ಆಸಿಡ್ ಹುಟ್ಟುತ್ತೆ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಮ್ಮ ದೇಹದ್ದೇ, ಊಟದ್ದು ಒಂದು ಪಾಲು. ಗೌಟ್ ಇರುವ ಬಹುತೇಕರಲ್ಲಿ ತೊಂದರೆ ಇರೋದು ಹೊರಹಾಕುವ ಕಿಡ್ನಿಯಲ್ಲಿ, ಅದಕ್ಕೆ ವಂಶವಾಹಿಯೂ ಕಾರಣ. ಅಡುಗೆಮನೆ ಸಿಂಕಿನ ಪೈಪು ಕಟ್ಟಿಕೊಂಡಾಗ ನಲ್ಲಿ ಸಣ್ಣ ಮಾಡಿದರೆ ಎಷ್ಟು ಉಪಯೋಗವೋ ಪಥ್ಯದಿಂದ ಅಷ್ಟೇ ಉಪಯೋಗ. ಸಾಮಾನ್ಯವಾಗಿ ಒಂದು ಪಾಯಿಂಟ್ ಇಳಿದರೆ ಹೆಚ್ಚು.

ಹಾಗಂತ ಪಥ್ಯ ಬೇಡ ಅಂತಲ್ಲ. ಲಿವರ್, ಬೋಟಿ, ಮಟನ್, ಬೂತಾಯಿ, ಬಂಗುಡೆ ಕಡಿಮೆ ಮಾಡಬೇಕು. ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು. ಸಕ್ಕರೆ ತುಂಬಿದ ಕೂಲ್ ಡ್ರಿಂಕ್ಸೂ ಯೂರಿಕ್ ಆಸಿಡ್ ಏರಿಸುತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಬೇಳೆ, ಪಾಲಕ್, ಅಣಬೆಯಲ್ಲಿ ಪ್ಯೂರಿನ್ ಇದ್ದರೂ ಅವುಗಳಿಂದ ಗೌಟ್ ಹೆಚ್ಚುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಕೆನೆ ತೆಗೆದ ಹಾಲು, ಮೊಸರು ಒಳ್ಳೆಯದೇ. ಕಾಫಿಗೂ ಹೆದರಬೇಕಿಲ್ಲ. ಇದನ್ನೆಲ್ಲ ಹೇಳಿದ ಮೇಲೇ ನಮ್ಮಮ್ಮ ಬೇಳೆ ಸಾರನ್ನು ವಾಪಸ್ ತಂದದ್ದು. ತೂಕ ಇಳಿಸಿ, ಆದರೆ ನಿಧಾನವಾಗಿ. ಉಪವಾಸ, ಕ್ರ್ಯಾಶ್ ಡಯಟ್‌ನಿಂದಲೂ ಗೌಟ್ ಕೆರಳುತ್ತೆ.

ಔಷಧಿಯಲ್ಲಿ ಎರಡು ಬಗೆ. ನೋವು ಬಂದಾಗ ಊತ ಇಳಿಸೋದು ಒಂದು: ಕಾಲ್ಚಿಸಿನ್, ನೋವಿನ ಮಾತ್ರೆ ಅಥವಾ ಸ್ಟೆರಾಯ್ಡ್. ಮತ್ತೆ ಮತ್ತೆ ಬರುವವರಿಗೆ ಯೂರಿಕ್ ಆಸಿಡ್ಡನ್ನೇ ಇಳಿಸೋದು ಇನ್ನೊಂದು: ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೋಸ್ಟಾಟ್. ಅಲೋಪ್ಯೂರಿನಾಲನ್ನು 100 ಮಿ.ಗ್ರಾಂ ಅಥವಾ ಇನ್ನೂ ಕಡಿಮೆಯಿಂದ ಶುರುಮಾಡಿ, ರಕ್ತಪರೀಕ್ಷೆ ನೋಡಿಕೊಂಡು ಏರಿಸುತ್ತಾರೆ. ಗುರಿ 6ಕ್ಕಿಂತ ಕೆಳಗೆ. ಹಳೇ ಹರಳು ಕರಗುವ ಮೊದಲ ತಿಂಗಳುಗಳಲ್ಲಿ ನೋವು ಮತ್ತೆ ಬರಬಹುದು. ಅದಕ್ಕೇ ಸಾಮಾನ್ಯವಾಗಿ 3ರಿಂದ 6 ತಿಂಗಳು ಜೊತೆಗೆ ಕಡಿಮೆ ಡೋಸ್ ಕಾಲ್ಚಿಸಿನ್ ಕೊಡುತ್ತಾರೆ. 'ಮಾತ್ರೆ ತಗೊಂಡ್ರೆ ನೋವು ಜಾಸ್ತಿ ಆಯ್ತು' ಅಂತ ಬಹಳ ಜನ ಬಿಡೋದು ಇಲ್ಲೇ. ಮೈಮೇಲೆ ದದ್ದು ಎದ್ದರೆ ಮಾತ್ರ ಮಾತ್ರೆ ನಿಲ್ಲಿಸಿ ತಕ್ಷಣ ಡಾಕ್ಟರ ಹತ್ತಿರ ಓಡಬೇಕು.

ಎರಡನೇ ಅಡ್ಡಿ ಮನೆಯಲ್ಲಿದೆ. 'ನೋವೇ ಇಲ್ವಲ್ಲೋ, ಮೂವತ್ತಕ್ಕೇ ದಿನಾ ಮಾತ್ರೆನಾ? ಹುಡುಗಿ ಮನೆಯವರು ಕುಡುಕ ಅಂದ್ಕೋತಾರೆ, ಹೇಳ್ಬೇಡ' ಅಂತಾರೆ ಅಮ್ಮ. ಅವರ ಭಯ ನನಗೆ ಅರ್ಥ ಆಗುತ್ತೆ. ಗೌಟ್ ಅಂದ್ರೆ ತಿಂದು ಕುಡಿದು ತಂದ್ಕೊಂಡ ಕಾಯಿಲೆ ಅಂತ ನಮ್ಮಲ್ಲಿ ಹೆಸರು ಬಿದ್ದುಬಿಟ್ಟಿದೆ. ಆದರೆ ನೋವಿಲ್ಲದ ದಿನಗಳಲ್ಲೂ ಹರಳು ಕೂರುತ್ತಲೇ ಇರುತ್ತೆ, ವರ್ಷಗಟ್ಟಲೆ ಬಿಟ್ಟರೆ ಗಂಟು ಕಟ್ಟಿ ಕೀಲನ್ನೇ ತಿಂದುಹಾಕುತ್ತೆ. ಅದಕ್ಕೇ ನಾನು ಅಮ್ಮನಿಗೆ ಹೇಳಿದ್ದು, 'ಥೈರಾಯ್ಡ್‌ಗೆ ನೀನು ತಗೊಳಲ್ವಾ? ಇದೂ ಹಾಗೇ. ಯಾರು ಕೇಳಿದರೂ ಹೇಳ್ತೀನಿ.'

ನಿಮ್ಮ ಮನೆಯಲ್ಲೂ ಹೆಬ್ಬೆರಳು ಹಿಡ್ಕೊಂಡು ಕೂರುವ ಅಪ್ಪನೋ ಮಾವನೋ ಇರಬಹುದು. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರೆ ಅದು ಕಿಡ್ನಿಗೇ ಹೊರೆ. ಕೆಲವು ಬಿಪಿ ಮಾತ್ರೆಗಳೂ ಯೂರಿಕ್ ಆಸಿಡ್ ಏರಿಸುತ್ತವೆ, ತಾವೇ ನಿಲ್ಲಿಸದೆ ಡಾಕ್ಟರನ್ನು ಕೇಳಲಿ. ಅವರ ತಟ್ಟೆಯಿಂದ ಬೇಳೆ ಕಿತ್ತುಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: 'ಯೂರಿಕ್ ಆಸಿಡ್ ಕೊನೆಗೆ ಯಾವಾಗ ನೋಡ್ಸಿದ್ರಿ, 6ಕ್ಕಿಂತ ಕೆಳಗಿತ್ತಾ?'