ಮೂಕಜೀವಿಗೆ ದುಭಾಷಿ ಬೇಕಿಲ್ಲ, ವೈದ್ಯ ಬೇಕು



ಪ್ರಾಣಿಗಳೊಡನೆ ಆತ್ಮಸಂವಾದ, ದೂರದಿಂದಲೇ ಶಕ್ತಿಚಿಕಿತ್ಸೆ: ಇವನ್ನು ಕಲಿಸುವ ಶಿಬಿರಗಳು ಈಗ ಪುಣೆಯಂತಹ ನಗರಗಳ ಸುಶಿಕ್ಷಿತ ಮನೆಗಳ ಬಾಗಿಲಿಗೆ ಬಂದಿವೆ. ನಾಯಿಯ ಛಾಯಾಚಿತ್ರ ಕಳುಹಿಸಿದರೆ ಅದರ ಮನಸ್ಸನ್ನು ಓದುತ್ತೇವೆ, ಮುಟ್ಟದೆಯೇ ರೋಗ ಕಳೆಯುತ್ತೇವೆ, ಶುಲ್ಕ ಕಟ್ಟಿದರೆ ನಿಮಗೂ ಈ ವಿದ್ಯೆ ಸಿದ್ಧಿಸುತ್ತದೆ ಎಂಬುದು ಅವರ ವಾಗ್ದಾನ. ಬೆಳಗಾವಿ, ಸಾಂಗಲಿ, ಕೊಲ್ಹಾಪುರಗಳ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಇದು ಜೀವದಯೆಯ ಹೊಸ ರೂಪವೆಂದು ತೋರುವುದು ಸಹಜ. ಆದರೆ ಇದು ಜೀವದಯೆಯಲ್ಲ, ಅದರ ವೇಷ.

ಮೊದಲು ನಮ್ಮ ಶಾಸ್ತ್ರವನ್ನೇ ಕೇಳೋಣ. ಪರರ ಮನಸ್ಸಿನಲ್ಲಿರುವುದನ್ನು ಅರಿಯುವ ಜ್ಞಾನಕ್ಕೆ ಜೈನಾಗಮ ಕೊಟ್ಟ ಹೆಸರು ಮನಃಪರ್ಯಯ. ಐದು ಜ್ಞಾನಗಳಲ್ಲಿ ಅದು ನಾಲ್ಕನೆಯದು, ಕೇವಲಜ್ಞಾನಕ್ಕೆ ಒಂದೇ ಮೆಟ್ಟಿಲು ಕೆಳಗಿನದು. ಸಂಯಮಿಯಾದ ಮುನಿಗಲ್ಲದೆ ಗೃಹಸ್ಥನಿಗೆ ಅದು ಲಭಿಸದು. ಮಹಾವ್ರತಿಗೂ ದುರ್ಲಭವಾದದ್ದು ವಾರಾಂತ್ಯದ ಶಿಬಿರದಲ್ಲಿ ಪ್ರಮಾಣಪತ್ರದೊಡನೆ ದೊರೆಯುವುದೇ?

ಸಮವಸರಣದಲ್ಲಿ ಮೃಗಗಳೂ ದಿವ್ಯಧ್ವನಿಯನ್ನು ಅರಿಯಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಅರಿತವು. ಆದರೆ ಅದು ತೀರ್ಥಂಕರರ ಅತಿಶಯ, ನಮ್ಮ ನಿಮ್ಮ ಕಸುಬಲ್ಲ. ನಮಗೆ ಆದರ್ಶವಾಗಬೇಕಾದವನು ಮದುವೆಯ ದಾರಿಯಲ್ಲಿದ್ದ ನೇಮಿಕುಮಾರ. ದೊಡ್ಡಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನ ಅವನ ಕಿವಿಗೆ ಬಿತ್ತು. ಕಾರಣ ವಿಚಾರಿಸಿದ, ಅವುಗಳನ್ನು ಬಿಡಿಸಿದ, ಮದುವೆಯನ್ನೇ ತೊರೆದ. ಅವನಿಗೆ ದುಭಾಷಿ ಬೇಕಾಗಲಿಲ್ಲ.

ವಿಜ್ಞಾನದ ಪಾಠವೂ ಇದೇ. ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಲೋಕ ಬೆರಗಾಗಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿ ಗುಟ್ಟು ಬಯಲು ಮಾಡಿದ: ಪ್ರಶ್ನೆ ಕೇಳಿದವನಿಗೇ ಉತ್ತರ ತಿಳಿಯದಿದ್ದಾಗ ಕುದುರೆಯೂ ಸೋಲುತ್ತಿತ್ತು. ಅದು ಓದುತ್ತಿದ್ದುದು ಮನುಷ್ಯನ ತಲೆಯ ಸೂಕ್ಷ್ಮ ಚಲನೆಯನ್ನು. ಪ್ರಾಣಿ ನಮ್ಮನ್ನು ಅಷ್ಟು ಶ್ರದ್ಧೆಯಿಂದ ಗಮನಿಸುತ್ತದೆ. ನಾವು ಮಾತ್ರ ಅದರ ಹೆಸರಿನಲ್ಲಿ ನಮ್ಮ ಮಾತನ್ನೇ ಆಡುತ್ತೇವೆ.

ಈ ದೋಷ ಶಿಬಿರದವರದಷ್ಟೇ ಅಲ್ಲ. ನಾಂದಣಿ ಮಠದ ಆನೆ ಮಹಾದೇವಿಯನ್ನು ನೆನೆಯಿರಿ. ಅವಳನ್ನು ಜಾಮ್‌ನಗರಕ್ಕೆ ಕಳುಹಿಸುವಂತೆ 2025ರ ಜುಲೈ 16ರಂದು ಮುಂಬಯಿ ಉಚ್ಚ ನ್ಯಾಯಾಲಯ ಆದೇಶಿಸಿತು. ಜುಲೈ 28ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಬೀಳ್ಕೊಡುವಾಗ ಅವಳ ಕಣ್ಣಲ್ಲಿ ಕಂಡ ನೀರಿಗೆ ಊರೆಲ್ಲ ಅರ್ಥ ಹೇಳಿತು. ಸೊಂಟದ ಹುಣ್ಣು, ಮಿತಿಮೀರಿ ಬೆಳೆದ ಉಗುರು, ಬಿರಿದ ಪಾದಗಳ ಬಗ್ಗೆ ವರದಿಗಳು ಹೇಳಿದ್ದನ್ನು ಓದಿದವರೆಷ್ಟು ಮಂದಿ? ಮಠದ ಭಕ್ತರ ಪ್ರೀತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಕಣ್ಣೀರಿಗೆ ನೂರು ಅರ್ಥ ಕಟ್ಟಬಹುದು, ಹುಣ್ಣಿಗೆ ಇರುವುದು ಒಂದೇ ಅರ್ಥ.

ಮುಟ್ಟದ ಚಿಕಿತ್ಸೆಯ ನಿಜವಾದ ಅಪಾಯ ಕಾಲಹರಣ. ಪಾರ್ವೋ ತಗುಲಿದ ನಾಯಿಮರಿ ವಾಂತಿಭೇದಿಯಿಂದ ಕೆಲವೇ ದಿನಗಳಲ್ಲಿ ಸಾಯಬಲ್ಲದು. ಅದಕ್ಕೆ ಬೇಕಾದುದು ದ್ರವ ಮತ್ತು ಔಷಧ, ಅದಕ್ಕೂ ಮೊದಲು ಲಸಿಕೆ. 1954ರ ಮಾಂತ್ರಿಕ ಚಿಕಿತ್ಸಾ ಜಾಹೀರಾತು ಕಾಯ್ದೆ ತನ್ನ ವ್ಯಾಖ್ಯೆಯಲ್ಲಿ ಮನುಷ್ಯರೊಡನೆ ಪ್ರಾಣಿಗಳನ್ನೂ ಸೇರಿಸಿದೆ. ಕಾನೂನಿಗಿರುವ ಈ ಎಚ್ಚರ ಅಹಿಂಸೆಯ ವಾರಸುದಾರರಿಗೆ ಇರಬೇಡವೇ?

ಅಹಿಂಸಾಣುವ್ರತದ ಅತಿಚಾರಗಳು ಐದು: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೊರಿಸುವುದು, ಅನ್ನಪಾನ ತಡೆಯುವುದು. ಪ್ರಾಣಿ ನಮ್ಮೊಡನೆ ಆಡಬಯಸುವ ಮಾತೆಲ್ಲ ಈ ಐದರಲ್ಲೇ ಅಡಗಿದೆ. ಆದ್ದರಿಂದ ಪುಣೆಯ ನಮ್ಮ ಸಮಾಜಗಳು ಇಂತಹ ಶಿಬಿರಗಳಿಗೆ ಬಸದಿಯ ಸಭಾಂಗಣವನ್ನು ಕೊಡಬಾರದು. ಆ ಶುಲ್ಕದ ಹಣ ಪಾಂಜರಾಪೋಳದ ಪಶುವೈದ್ಯರ ವೇತನಕ್ಕೆ, ಬೀದಿನಾಯಿಗಳ ಲಸಿಕೆಗೆ ಸಲ್ಲಲಿ. ಮಠಗಳು ತಮ್ಮ ಪ್ರಾಣಿಗಳ ಆರೋಗ್ಯ ತಪಾಸಣೆಯ ವರದಿಯನ್ನು ವರ್ಷಕ್ಕೊಮ್ಮೆ ಶ್ರಾವಕರ ಮುಂದಿಡಲಿ. ಸರಪಳಿಯ ಗಾಯವನ್ನು ಕಾಣಲು ದಿವ್ಯದೃಷ್ಟಿ ಬೇಕಿಲ್ಲ, ಬಗ್ಗಿ ನೋಡುವ ಮನಸ್ಸು ಬೇಕು.